ಮಾರ್ಬಲ್‌ಹೆಡ್ ದೀಪಸ್ತಂಭ: ಯಾವಾಗ ಹೋಗಬೇಕು, ಏನನ್ನು ನೋಡಬೇಕು, ಮಂಡಿನೋವಿದ್ದರೆ ಹತ್ತಬೇಕೇ?

ಪ್ರಶ್ನೆ: ನಾನು ಹಾಸನದ ನಿವೃತ್ತ ಶಿಕ್ಷಕ, ವಯಸ್ಸು 68. ಮಗಳು ಮತ್ತು ಅಳಿಯ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿದ್ದಾರೆ. ನಾನೂ ನನ್ನ ಪತ್ನಿಯೂ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅವರ ಜೊತೆ ಇರುತ್ತೇವೆ. ಈರೀ ಸರೋವರದ ದಡದಲ್ಲಿರುವ ಮಾರ್ಬಲ್‌ಹೆಡ್ ಎಂಬ ಊರಿನ ಹಳೆಯ ದೀಪಸ್ತಂಭವನ್ನು ತೋರಿಸುತ್ತೇನೆಂದು ಮಗಳು ಹೇಳುತ್ತಿದ್ದಾಳೆ. ಒಂದು ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ನನಗೆ ಶ್ರವಣಬೆಳಗೊಳದ ಬೆಟ್ಟ ಹತ್ತುವುದೂ ಆಗುತ್ತಿಲ್ಲ. ಗೋಪುರ ಹತ್ತಲಾಗದಿದ್ದರೆ ಅಷ್ಟು ದೂರ ಹೋಗಿ ಪ್ರಯೋಜನವಿದೆಯೇ? ಯಾವ ತಿಂಗಳು ಒಳ್ಳೆಯದು? ನಾವು ಸಸ್ಯಾಹಾರಿಗಳು. ಒಂಬತ್ತು ವರ್ಷದ ಮೊಮ್ಮಗನೂ ಬರುತ್ತಾನೆ.

ಉತ್ತರ: ಮಾನ್ಯರೇ, ಹೋಗಿ ಬನ್ನಿ. ಗೋಪುರವನ್ನು ಹತ್ತದೆಯೂ ಅಲ್ಲಿ ಇಡೀ ದಿನಕ್ಕೆ ಸಾಕಾಗುವಷ್ಟು ನೋಡುವುದಿದೆ. ನನ್ನನ್ನು ಕೇಳಿದರೆ, ಮೇ ಕೊನೆಯ ಸೋಮವಾರದ ರಜೆ ಮುಗಿದ ಮರುದಿನದಿಂದ ಜೂನ್ ಹತ್ತರವರೆಗಿನ ಅವಧಿಯಲ್ಲಿ, ಮಂಗಳವಾರದಿಂದ ಗುರುವಾರದೊಳಗಿನ ಒಂದು ದಿನವನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಅದಕ್ಕೆ ಕಾರಣಗಳನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಆ ದೀಪಸ್ತಂಭ ಅಲ್ಲಿ ಏಕೆ ನಿಂತಿದೆ ಎಂಬುದನ್ನು ತಿಳಿದುಕೊಂಡು ಹೋಗಬೇಕೆಂಬುದು ನನ್ನ ಕಳಕಳಿಯ ವಿನಂತಿ. ಅಲ್ಲಿಗೆ ಬರುವ ಹೆಚ್ಚಿನವರು ಬಿಳಿಯ ಗೋಪುರದ ಮುಂದೆ ನಿಂತು ಒಂದು ಚಿತ್ರ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ಅವರು ಬೆನ್ನು ಹಾಕಿ ನಿಂತಿರುವ ಸರೋವರ ಮತ್ತು ಕಾಲಿಟ್ಟು ನಿಂತಿರುವ ಬಂಡೆ, ಇವೆರಡನ್ನು ಬಿಟ್ಟರೆ ಆ ಗೋಪುರಕ್ಕೆ ಅರ್ಥವೇ ಇಲ್ಲ.

ಸರೋವರದಿಂದಲೇ ಆರಂಭಿಸುತ್ತೇನೆ. ಈರೀಯನ್ನು ನಮ್ಮ ಕಡೆಯ ಕೆರೆಗಳ ಅಳತೆಯಲ್ಲಿ ಊಹಿಸಿಕೊಳ್ಳಬಾರದು. ಅದರ ಉದ್ದ ಸುಮಾರು 388 ಕಿಲೋಮೀಟರ್, ವಿಸ್ತೀರ್ಣ ಸುಮಾರು 25,700 ಚದರ ಕಿಲೋಮೀಟರ್. ಎಂದರೆ ಇಡೀ ಕರ್ನಾಟಕದ ಏಳನೆಯ ಒಂದು ಭಾಗಕ್ಕೆ ಸ್ವಲ್ಪವೇ ಕಡಿಮೆ. ದಡದಲ್ಲಿ ನಿಂತರೆ ಕಣ್ಣಳತೆಯಲ್ಲಿ ಆಚೆ ದಡ ಸಿಗುವುದಿಲ್ಲ. ಉಪ್ಪಿನ ವಾಸನೆಯಿಲ್ಲದ ಕಡಲಿನಂತೆ ಅದು ಕಾಣುತ್ತದೆ. ಆದರೆ ಇಷ್ಟು ಹರಡಿಕೊಂಡಿರುವ ನೀರು ಆಳದಲ್ಲಿ ಬಹಳ ಬಡವಾಗಿದೆ. ಉತ್ತರ ಅಮೆರಿಕದ ಐದು ಮಹಾಸರೋವರಗಳ ಪೈಕಿ ಎಲ್ಲಕ್ಕಿಂತ ಆಳ ಕಡಿಮೆಯಿರುವುದು ಇದಕ್ಕೇ. ಸುಪೀರಿಯರ್ ಸರೋವರದ ಗರಿಷ್ಠ ಆಳ 1,300 ಅಡಿಯನ್ನು ಮೀರಿದರೆ, ಈರೀಯ ಗರಿಷ್ಠ ಆಳ 210 ಅಡಿ. ಸರಾಸರಿ ಆಳ ಸುಮಾರು 62 ಅಡಿ. ಮಾರ್ಬಲ್‌ಹೆಡ್ ಇರುವ ಪಶ್ಚಿಮ ಭಾಗದಲ್ಲಂತೂ ಸರಾಸರಿ ಆಳ 24 ಅಡಿಯಷ್ಟೇ. ನೀವು ನೋಡಲಿರುವ ಗೋಪುರದ ಎತ್ತರ 65 ಅಡಿ. ಅದನ್ನು ಹಾಗೆಯೇ ಎತ್ತಿ ಆ ಪಶ್ಚಿಮ ಭಾಗದ ನೀರಿನಲ್ಲಿಟ್ಟರೆ ಅರ್ಧಕ್ಕಿಂತ ಹೆಚ್ಚು ಭಾಗ ಮೇಲೆಯೇ ಉಳಿಯುತ್ತದೆ.

ಆಳ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂದು ನಮಗೆ ಅನ್ನಿಸುತ್ತದೆ, ಆದರೆ ನಾವಿಕರ ಅನುಭವ ಇದಕ್ಕೆ ತದ್ವಿರುದ್ಧವಾಗಿದೆ. ಬಿರುಗಾಳಿ ಬೀಸಿದಾಗ ಆಳವಿಲ್ಲದ ನೀರು ಬಹಳ ಬೇಗ ಕೆರಳುತ್ತದೆ. ಅಲೆಗಳು ಒಂದರ ಬೆನ್ನಿಗೆ ಒಂದು, ಕಡಿದಾಗಿ, ನಡುವೆ ಹಡಗಿಗೆ ಸುಧಾರಿಸಿಕೊಳ್ಳಲು ಎಡೆಗೊಡದೆ ಬಂದು ಬಡಿಯುತ್ತವೆ. ಸರೋವರವು ಪಶ್ಚಿಮದಿಂದ ಪೂರ್ವಕ್ಕೆ ಉದ್ದಕ್ಕೆ ಚಾಚಿಕೊಂಡಿರುವುದರಿಂದ, ಪಶ್ಚಿಮದ ಗಾಳಿ ಗಂಟೆಗಟ್ಟಲೆ ಒಂದೇ ಸಮನೆ ಬೀಸಿದರೆ ನೀರೆಲ್ಲ ಪೂರ್ವದ ಬಫಲೋ ನಗರದ ಕಡೆಗೆ ಒತ್ತರಿಸಿಕೊಂಡು ಹೋಗಿ, ಈ ಕಡೆಯ ದಡದಲ್ಲಿ ನೀರಿನ ಮಟ್ಟ ಹಲವು ಅಡಿ ಇಳಿದು, ತಳದ ಕಲ್ಲುಗಳು ಹಡಗಿನ ಹೊಟ್ಟೆಗೆ ತಗಲುವಷ್ಟು ಮೇಲಕ್ಕೆ ಬಂದಂತಾಗುತ್ತದೆ. ಇಂತಹ ನೀರಿನಲ್ಲಿ, ದ್ವೀಪಗಳ ಮತ್ತು ಬಂಡೆಗಳ ನಡುವೆ, ಸ್ಯಾಂಡಸ್ಕಿ ಕೊಲ್ಲಿಯ ಬಾಯನ್ನು ರಾತ್ರಿಯಲ್ಲಿ ಹುಡುಕಿಕೊಂಡು ಬರುವ ಹಾಯಿಹಡಗಿಗೆ ಗುರುತು ಬೇಕಿತ್ತು. 1819ರಲ್ಲಿ ಅಮೆರಿಕದ ಕಾಂಗ್ರೆಸ್ 5,000 ಡಾಲರ್ ಮಂಜೂರು ಮಾಡಿದ್ದು ಇದೇ ಕಾರಣಕ್ಕೆ. ಕೊಲ್ಲಿಯ ಬಾಯಿಯಲ್ಲಿ ಪೂರ್ವಕ್ಕೆ ಮೂಗು ಚಾಚಿದಂತಿರುವ ಪರ್ಯಾಯದ್ವೀಪದ ತುದಿಯಲ್ಲಿ ವಿಲಿಯಂ ಕೆಲ್ಲಿ ಎಂಬ ಗುತ್ತಿಗೆದಾರರು 1821ರಲ್ಲಿ ಗೋಪುರವನ್ನು ಕಟ್ಟಿದರು. ಅಮೆರಿಕದ ಕಡೆಯ ಮಹಾಸರೋವರಗಳ ದಡದಲ್ಲಿ ನಿರಂತರವಾಗಿ ಬೆಳಗುತ್ತಿರುವ ದೀಪಸ್ತಂಭಗಳಲ್ಲಿ ಇದೇ ಅತಿ ಹಳೆಯದು.

ಇನ್ನು ಬಂಡೆ. ಊರಿನ ಹೆಸರಿನಲ್ಲಿ ಅಮೃತಶಿಲೆಯಿದ್ದರೂ ಅಲ್ಲಿ ಇರುವುದು ಸುಣ್ಣಕಲ್ಲು. ಸುಮಾರು 40 ಕೋಟಿ ವರ್ಷಗಳ ಹಿಂದೆ ಈ ಪ್ರದೇಶ ಬೆಚ್ಚಗಿನ ಕಡಲಿನ ತಳವಾಗಿತ್ತು. ಹವಳ, ಚಿಪ್ಪುಜೀವಿ ಮುಂತಾದವುಗಳ ಅವಶೇಷಗಳು ಪದರ ಪದರವಾಗಿ ಕೂತು ಗಟ್ಟಿಯಾದದ್ದೇ ಈ ಕಲ್ಲು. ಗೋಪುರದ ಕೆಳಗೆ ಸರೋವರದತ್ತ ಹಾಸಿಕೊಂಡಿರುವ ಬಂಡೆಗಳನ್ನು ನಿಧಾನವಾಗಿ ನೋಡಿದರೆ ಪಳೆಯುಳಿಕೆಗಳ ಗುರುತುಗಳು ಕಾಣಿಸುತ್ತವೆ. ನೋಡಬಹುದು, ಮುಟ್ಟಬಹುದು, ಕಿತ್ತು ತರುವಂತಿಲ್ಲ. ಗೋಪುರವನ್ನು ಕಟ್ಟಿದ್ದು ಇದೇ ಸ್ಥಳೀಯ ಕಲ್ಲಿನಿಂದ. ಬುಡದಲ್ಲಿ ಅದರ ಅಡ್ಡಳತೆ 25 ಅಡಿ, ಗೋಡೆಯ ದಪ್ಪ 5 ಅಡಿ. ಮೇಲಕ್ಕೆ ಹೋದಂತೆ ಕಿರಿದಾಗಿ 12 ಅಡಿಗೆ ಇಳಿಯುತ್ತದೆ, ಅಲ್ಲಿ ಗೋಡೆಯ ದಪ್ಪ 2 ಅಡಿ. ಇನ್ನೂರು ವರ್ಷಗಳ ಹಿಮ, ಗಾಳಿ, ಅಲೆಗಳನ್ನು ಅದು ತಡೆದುಕೊಂಡಿರುವುದರ ಗುಟ್ಟು ಈ ಬುಡದಲ್ಲಿದೆ. ನೀವು ಹಾಸನ ಜಿಲ್ಲೆಯವರು, ಕಲ್ಲಿನ ಕೆಲಸವನ್ನು ನೋಡಿ ಬೆಳೆದವರು. ಇಲ್ಲಿ ಬೇಲೂರಿನ ಸೂಕ್ಷ್ಮತೆಯನ್ನು ನಿರೀಕ್ಷಿಸಬೇಡಿ. ಸುಣ್ಣ ಬಳಿದ ಈ ಸಾದಾ ಗೋಡೆಯಲ್ಲಿ ಅಲಂಕಾರ ಯಾವುದೂ ಇಲ್ಲ. ನೀರನ್ನೂ ಗಾಳಿಯನ್ನೂ ತಡೆಯಬೇಕೆಂಬ ಒಂದೇ ಉದ್ದೇಶವಿದೆ. ಆ ಉದ್ದೇಶ ಇಂದಿಗೂ ನೆರವೇರುತ್ತಿದೆ.

ದೀಪವನ್ನು ಕಾಯ್ದವರ ಕಥೆಯನ್ನು ಬಿಡಲಾಗದು. ಮೊದಲ ಕಾವಲುಗಾರ ಬೆನಾಜಾ ವುಲ್ಕಾಟ್, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರು. ಪ್ರತಿ ಸಂಜೆ ತಿಮಿಂಗಿಲದ ಎಣ್ಣೆಯ 13 ದೀಪಗಳ ಬತ್ತಿಗಳನ್ನು ಹೊತ್ತಿಸಿ, ಅವುಗಳ ಹಿಂದಿನ 16 ಅಂಗುಲದ ಲೋಹದ ತಟ್ಟೆಗಳಿಂದ ಬೆಳಕು ಸರೋವರದ ಕಡೆಗೆ ಚಿಮ್ಮುವಂತೆ ನೋಡಿಕೊಳ್ಳುವುದು, ಹಾದುಹೋಗುವ ಹಡಗುಗಳನ್ನೂ ಹವಾಮಾನವನ್ನೂ ದಾಖಲಿಸುವುದು, ಹಡಗು ಒಡೆದಾಗ ಜನರನ್ನು ಸೇರಿಸಿ ರಕ್ಷಣೆಗೆ ಹೊರಡುವುದು, ಇಷ್ಟೂ ಅವರ ಕೆಲಸ. 1832ರಲ್ಲಿ ಅವರು ಕಾಲರಾಕ್ಕೆ ಬಲಿಯಾದಾಗ ದೀಪವನ್ನು ವಹಿಸಿಕೊಂಡವರು ಅವರ ಪತ್ನಿ ರೇಚಲ್. ಮಹಾಸರೋವರಗಳ ದೀಪಸ್ತಂಭಗಳಲ್ಲಿ ಮೊದಲ ಮಹಿಳಾ ಕಾವಲುಗಾರ್ತಿ ಅವರೇ. ಅಂದಿನಿಂದ ಎಣಿಸಿದರೆ ಒಟ್ಟು ಹದಿನೈದು ಮಂದಿ ಈ ದೀಪವನ್ನು ಕಾಯ್ದಿದ್ದಾರೆ, ಅವರಲ್ಲಿ ಇಬ್ಬರು ಹೆಂಗಸರು. ವುಲ್ಕಾಟ್ ದಂಪತಿ ಬಾಳಿದ ಚಿಕ್ಕ ಕಲ್ಲಿನ ಮನೆ ಕೊಲ್ಲಿಯ ಕಡೆಯ ರಸ್ತೆಯಲ್ಲಿ ಇನ್ನೂ ಇದೆ, ಈಗ ಅದು ವಸ್ತುಸಂಗ್ರಹಾಲಯ. ಕೆಲವೇ ದಿನ ತೆರೆದಿರುವುದರಿಂದ ಹೊರಡುವ ಮುನ್ನ ಮಗಳಿಗೆ ವಿಚಾರಿಸಲು ಹೇಳಿ. ಅದು ತೆರೆದಿರುವ ದಿನವೇ ಹೋಗಲು ಸಾಧ್ಯವಾದರೆ ಅದಕ್ಕಾಗಿ ಒಂದೆರಡು ದಿನ ಆಚೀಚೆ ಮಾಡಿಕೊಂಡರೂ ನಷ್ಟವಿಲ್ಲ, ಏಕೆಂದರೆ ಆ ಮನೆಯೊಳಗೆ ನಿಂತಾಗ ಆ ಕೆಲಸದ ಒಂಟಿತನ ನಮಗೆ ತಟ್ಟುವಂತೆ ಗೋಪುರದಲ್ಲಿ ತಟ್ಟುವುದಿಲ್ಲ.

ಇನ್ನೊಂದು ಘಟನೆಯನ್ನು ಮೊಮ್ಮಗನಿಗೆ ದಡದಲ್ಲಿ ನಿಂತೇ ಹೇಳಿ. 1875ರ ಮೇ 1ರಂದು ಕಾನ್ಸುವೆಲೋ ಎಂಬ ಹಾಯಿಹಡಗು ಬಿರುಗಾಳಿಗೆ ಸಿಕ್ಕಿ ಈ ತುದಿಯ ಎದುರಿಗೇ ಮುಳುಗಿತು. ಇಬ್ಬರು ನಾವಿಕರು ನೀರಿನ ಮೇಲೆ ಉಳಿದಿದ್ದ ಪಟಸ್ತಂಭವನ್ನು ಹಿಡಿದುಕೊಂಡು ನೇತಾಡುತ್ತಿದ್ದರು. ಊರಿನ ಕ್ಲೆಮನ್ಸ್ ಮನೆತನದ ಮೂವರು ಅಣ್ಣತಮ್ಮಂದಿರು ಒಂದು ಪುಟ್ಟ ದೋಣಿಯನ್ನು ಹುಟ್ಟುಹಾಕಿಕೊಂಡು ಆ ಅಲೆಗಳ ನಡುವೆ ಹೋಗಿ ಇಬ್ಬರನ್ನೂ ಉಳಿಸಿದರು. ಪ್ರಾಣರಕ್ಷಣೆಗಾಗಿ ಅಮೆರಿಕ ಸರ್ಕಾರ ಆಗಷ್ಟೇ ಸ್ಥಾಪಿಸಿದ್ದ ಚಿನ್ನದ ಪದಕ ಮೊಟ್ಟಮೊದಲು ಸಂದದ್ದು ಈ ಮೂವರಿಗೆ. ಮರುವರ್ಷ ದೀಪಸ್ತಂಭದಿಂದ ಅರ್ಧ ಮೈಲಿ ಪಶ್ಚಿಮಕ್ಕೆ ರಕ್ಷಣಾ ಠಾಣೆ ಬಂತು; ಮೂವರಲ್ಲಿ ಒಬ್ಬರಾದ ಲೂಸಿಯನ್ ಅದರ ಮೊದಲ ಮುಖ್ಯಸ್ಥರಾದರು.

ಈಗ ನಿಮ್ಮ ಮಂಡಿಯ ವಿಚಾರಕ್ಕೆ ಬರುತ್ತೇನೆ. ಗೋಪುರದ ಒಳಗೆ 77 ಮೆಟ್ಟಿಲುಗಳಿವೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ಮುಂದೆ ಈ ಸಂಖ್ಯೆ ಏನೂ ಅಲ್ಲವೆನ್ನಿಸಬಹುದು. ಆದರೆ ಇವು ಸುತ್ತು ಮೆಟ್ಟಿಲುಗಳು. ಒಳಬದಿಗೆ ಕಿರಿದಾಗುವ ಮೆಟ್ಟಿಲ ಮೇಲೆ ಪ್ರತಿ ಹೆಜ್ಜೆಯಲ್ಲೂ ಮಂಡಿ ಸ್ವಲ್ಪ ತಿರುಚಿಕೊಳ್ಳುತ್ತದೆ, ನಡುವೆ ಕೂತು ದಣಿವಾರಿಸಿಕೊಳ್ಳಲು ಅನುಕೂಲವಿಲ್ಲ. ಶ್ರವಣಬೆಳಗೊಳದಲ್ಲಾದರೆ ಡೋಲಿಯಾದರೂ ಸಿಗುತ್ತದೆ, ಇಲ್ಲಿ ಹತ್ತಿದವರು ತಮ್ಮ ಕಾಲಿನಿಂದಲೇ ಇಳಿಯಬೇಕು. ಶಸ್ತ್ರಚಿಕಿತ್ಸೆಯಾದ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ನಿಮಗೆ ಈಗಾಗಲೇ ಗೊತ್ತಿರುತ್ತದೆ. ಆದ್ದರಿಂದ ನೀವು ಹತ್ತಬೇಡಿ ಎಂದೇ ನನ್ನ ಸಲಹೆ. ನಿಮ್ಮ ಪತ್ನಿಗೆ ಮನಸ್ಸಿದ್ದರೆ ಮಗಳ ಜೊತೆ ಹತ್ತಲಿ. ಮೇಲಿನಿಂದ ಉತ್ತರಕ್ಕೆ ಕೆಲ್ಲೀಸ್ ದ್ವೀಪ, ಕೊಲ್ಲಿಯ ಆಚೆ ಸೀಡರ್ ಪಾಯಿಂಟ್ ಉದ್ಯಾನದ ಎತ್ತರದ ರೋಲರ್ ಕೋಸ್ಟರ್‌ಗಳು ಕಾಣುತ್ತವೆ. ಗೋಪುರದ ಸುತ್ತಲಿನ ಉದ್ಯಾನ ಬಹುತೇಕ ಸಮತಟ್ಟಾಗಿದೆ. ನೆರಳಿನಲ್ಲಿ ಕೂರುವ ಜಾಗಗಳಿವೆ. ಅಲ್ಲಿ ಕೂತರೆ ಗೋಪುರವೂ ನೀರೂ ಒಟ್ಟಿಗೆ ಕಾಣುತ್ತವೆ, ಮೇಲೆ ಹೋದವರಿಗೆ ಗೋಪುರ ಕಾಣುವುದಿಲ್ಲ. ದಡದ ಬಂಡೆಗಳಿಗೆ ಇಳಿಯುವಾಗ ಮಾತ್ರ ಎಚ್ಚರವಿರಲಿ. ನೀರು ಚಿಮ್ಮಿದ ಸುಣ್ಣಕಲ್ಲು ಪಾಚಿ ಹಿಡಿದು ಬಹಳ ಜಾರುತ್ತದೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಕೊಳ್ಳಿ.

ಹತ್ತದವರು ನೋಡಲೇಬೇಕಾದದ್ದು ಪಕ್ಕದ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಗಾಜಿನ ಮಸೂರ. ಫ್ರಾನ್ಸಿನ ವಿಜ್ಞಾನಿ ಆಗಸ್ಟಿನ್ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ತತ್ತ್ವ ಅದರಲ್ಲಿದೆ. ದಪ್ಪಗಿನ ಒಂದೇ ಮಸೂರ ಮಾಡಿದರೆ ಅದು ಹೊರಲಾರದಷ್ಟು ಭಾರವಾಗುತ್ತದೆ, ಗಾಜಿನೊಳಗೇ ಬೆಳಕು ನಷ್ಟವಾಗುತ್ತದೆ. ಬೆಳಕನ್ನು ಬಾಗಿಸುವುದು ಮಸೂರದ ಮೇಲ್ಮೈಯ ವಾಲಿಕೆಯೇ ಹೊರತು ಒಳಗಿನ ದಪ್ಪವಲ್ಲ. ಆದ್ದರಿಂದ ಬೇಡದ ಗಾಜನ್ನು ಕಳೆದು, ವಾಲಿಕೆಯನ್ನಷ್ಟೇ ಉಂಗುರ ಉಂಗುರವಾಗಿ ಜೋಡಿಸಿ, ಎಲ್ಲ ದಿಕ್ಕಿಗೂ ಚೆದುರುವ ದೀಪದ ಬೆಳಕನ್ನು ಅಡ್ಡಡ್ಡಲಾಗಿ ದಿಗಂತದ ಕಡೆಗೆ ತಿರುಗಿಸುತ್ತಾರೆ. 1858ರಲ್ಲಿ ಹದಿಮೂರು ದೀಪಗಳ ಜಾಗಕ್ಕೆ ಒಂದೇ ದೀಪವೂ ಇಂತಹ ಒಂದು ಮಸೂರವೂ ಬಂದವು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ 50 ಅಡಿಯಿದ್ದ ಗೋಪುರವನ್ನು 65 ಅಡಿಗೆ ಏರಿಸಿದ ಬಳಿಕ ಇನ್ನೂ ಪ್ರಖರವಾದ ಮಸೂರವನ್ನೂ, ಗಡಿಯಾರದ ಯಂತ್ರದಂತೆ ಅದನ್ನು ತಿರುಗಿಸುವ ವ್ಯವಸ್ಥೆಯನ್ನೂ ತಂದರು. ಆ ಯಂತ್ರ ನಡೆಯುತ್ತಿದ್ದದ್ದು ತೂಗುಬಿಟ್ಟ ಭಾರದ ಬಲದಿಂದ. ಭಾರ ಕೆಳಗಿಳಿದಂತೆಲ್ಲ ಮತ್ತೆ ಸುತ್ತಿ ಮೇಲಕ್ಕೇರಿಸಬೇಕು. ಕಾವಲುಗಾರ ರಾತ್ರಿಯಿಡೀ ಮೂರು ಗಂಟೆಗೊಮ್ಮೆ ಏಳಲೇಬೇಕು. 1923ರಲ್ಲಿ ವಿದ್ಯುದ್ದೀಪ ಬಂತು, 1958ರಲ್ಲಿ ಎಲ್ಲವೂ ಸ್ವಯಂಚಾಲಿತವಾಯಿತು. ಪ್ರೌಢಶಾಲೆಯಲ್ಲಿ ಬೆಳಕಿನ ವಕ್ರೀಭವನವನ್ನು ಪಾಠ ಮಾಡಿದ ಯಾರಿಗೇ ಆದರೂ ಈ ಮಸೂರದ ಮುಂದೆ ಅರ್ಧ ಗಂಟೆ ಸಾಲದು.

ತಿಂಗಳಿನ ಆಯ್ಕೆಗೆ ಬರೋಣ. ಗೋಪುರದ ಒಳಗೆ ಜನರನ್ನು ಬಿಡುವುದು ಸಾಮಾನ್ಯವಾಗಿ ಮೇ ಕೊನೆಯ ಸೋಮವಾರದ ರಜೆಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನದವರೆಗೆ, ಅದೂ ಹಗಲಿನ ಕೆಲವೇ ಗಂಟೆ. ವೇಳೆಯನ್ನು ರಾಜ್ಯದ ಉದ್ಯಾನ ಇಲಾಖೆಯ ಜಾಲತಾಣದಲ್ಲಿ ಆ ವಾರವೇ ಖಚಿತಪಡಿಸಿಕೊಳ್ಳಬೇಕು. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಆರಾಧನೆಗೆ ಬರುವ ನಮ್ಮವರು ಕೆಲವರು ಅದೇ ಪ್ರಯಾಣದಲ್ಲಿ ಇಲ್ಲಿಗೂ ಬಂದು ಬಾಗಿಲು ಮುಚ್ಚಿರುವುದನ್ನು ಕಂಡು ನಿರಾಶರಾಗುತ್ತಾರೆ. ಜೂನ್ ಮಧ್ಯದಿಂದ ಜುಲೈ ಆರಂಭದವರೆಗೆ ಮೇಫ್ಲೈ ಎಂಬ ಕೀಟಗಳು ಸರೋವರದ ತಳದ ಕೆಸರಿನಿಂದ ಒಮ್ಮೆಲೇ ಎದ್ದು ಬರುತ್ತವೆ. ಮಳೆಗಾಲದ ಮೊದಲಲ್ಲಿ ನಮ್ಮಲ್ಲಿ ಈಸಲು ಹುಳು ದೀಪಕ್ಕೆ ಮುತ್ತುವಂತೆ, ಆದರೆ ಹವಾಮಾನದ ರೇಡಾರಿನಲ್ಲಿ ಮೋಡದಂತೆ ಕಾಣುವಷ್ಟು ಅಸಂಖ್ಯವಾಗಿ ಬರುತ್ತವೆ. ಅವು ಕಚ್ಚುವುದಿಲ್ಲ. 1950ರ ದಶಕದಲ್ಲಿ ನೀರು ಕೆಟ್ಟಾಗ ಮಾಯವಾಗಿದ್ದವು, 1990ರ ದಶಕದಲ್ಲಿ ಮರಳಿದವು; ಅವುಗಳ ಬರವು ಸರೋವರದ ಆರೋಗ್ಯದ ಲಕ್ಷಣವೆಂದು ವಿಜ್ಞಾನಿಗಳು ಸಂತೋಷಪಡುತ್ತಾರೆ. ಆದರೂ ಸಂಜೆ ಹೊರಗೆ ಕೂರಬೇಕೆನ್ನುವವರಿಗೆ ಅವು ತೊಂದರೆಯೇ. ಜುಲೈ ಕೊನೆಯಿಂದ ಹೊಲಗಳ ಗೊಬ್ಬರದ ರಂಜಕ ಸೇರಿದ ನೀರಿನಲ್ಲಿ ಹಸಿರು ಪಾಚಿಯಂತಹ ಸೂಕ್ಷ್ಮಜೀವಿಗಳು ಹಬ್ಬುತ್ತವೆ, ಅವುಗಳಲ್ಲಿ ಕೆಲವು ವಿಷಕಾರಿ. 2014ರ ಆಗಸ್ಟ್‌ನಲ್ಲಿ ಇದೇ ಕಾರಣಕ್ಕೆ ಟೊಲೀಡೋ ನಗರದವರು ಕೆಲವು ದಿನ ನಲ್ಲಿಯ ನೀರು ಕುಡಿಯುವಂತಿರಲಿಲ್ಲ. ನೀರು ಬಣ್ಣ ಬಳಿದಂತೆ ಹಸಿರಾಗಿ ಕಂಡರೆ ಮೊಮ್ಮಗನನ್ನು ಕೈಯದ್ದಲೂ ಬಿಡಬೇಡಿ. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ನಾನು ಆರಂಭದಲ್ಲಿ ಹೇಳಿದ ಆ ಹತ್ತು ಹದಿನೈದು ದಿನ. ನೀರಿನ ಮೇಲಿನ ಗಾಳಿ ಆಗಲೂ ತಣ್ಣಗಿರುತ್ತದೆ, ಸ್ವೆಟರ್ ಇಟ್ಟುಕೊಳ್ಳಿ.

ಮೇ ಮೊದಲ ವಾರದಲ್ಲೇ ನೀವು ತಲುಪುವುದಾದರೆ ಇನ್ನೊಂದು ಸಾಧ್ಯತೆಯಿದೆ. ಊರಿನ ಹಳೆಯ ಸುಣ್ಣಕಲ್ಲು ಕ್ವಾರಿಯ ಬರಡು ನೆಲದಲ್ಲಿ ಲೇಕ್‌ಸೈಡ್ ಡೈಸಿ ಎಂಬ ಹಳದಿ ಹೂವು ಮೇ ತಿಂಗಳ ಮೊದಲರ್ಧದಲ್ಲಿ ಅರಳುತ್ತದೆ. ಮಣ್ಣೇ ಇಲ್ಲದಂತೆ ಕಾಣುವ ಕಲ್ಲಿನ ಮೇಲೆ ಬೆಳೆಯುವ ಇದು ಅಮೆರಿಕದಲ್ಲಿ ತೀರ ಕೆಲವೇ ಕಡೆ ಉಳಿದಿದೆ. 1988ರಿಂದ ಕಾನೂನಿನ ರಕ್ಷಣೆ ಪಡೆದಿದೆ. ಆಗ ಗೋಪುರ ಮುಚ್ಚಿರುತ್ತದೆ, ಆದರೆ ನೀವು ಹೇಗೂ ಹತ್ತುವವರಲ್ಲ. ಹೂವಿಗಾಗಿ ಹೋಗುವುದಾದರೆ ನಾನು ತಡೆಯಲಾರೆ.

ಕೊಲಂಬಸ್‌ನಿಂದ ಕಾರಿನಲ್ಲಿ ಎರಡು ಗಂಟೆಗೆ ಸ್ವಲ್ಪ ಹೆಚ್ಚು ಬೇಕು; ಬಸ್ಸು ರೈಲುಗಳನ್ನು ನಂಬಿಕೊಂಡು ಹೋಗುವ ಊರಲ್ಲ. ಸಾವಿರಕ್ಕೂ ಕಡಿಮೆ ಜನರಿರುವ ಹಳ್ಳಿಯಾದ್ದರಿಂದ ಊಟದ ವಿಷಯದಲ್ಲಿ ಮೊದಲೇ ಸಿದ್ಧರಾಗಿರಿ. ಅಲ್ಲಿನ ಹೋಟೆಲುಗಳ ಹೆಮ್ಮೆ ಸರೋವರದ ವಾಲೈ ಮತ್ತು ಪರ್ಚ್ ಮೀನು. ಮನೆಯಿಂದ ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೋಗಿ ಉದ್ಯಾನದ ಮೇಜಿನ ಮೇಲೆ ಉಣ್ಣುವುದೇ ಎಲ್ಲಕ್ಕಿಂತ ಸುಖ. ಮಧ್ಯಾಹ್ನದ ಮೇಲೆ ಊರಿನಿಂದಲೇ ಹೊರಡುವ ದೋಣಿಯಲ್ಲಿ ಇಪ್ಪತ್ತು ನಿಮಿಷದ ದೂರದ ಕೆಲ್ಲೀಸ್ ದ್ವೀಪಕ್ಕೆ ಹೋಗಿ ಬರಬಹುದು. ಕಾರನ್ನೂ ದೋಣಿಗೆ ಹತ್ತಿಸುತ್ತಾರೆ, ನಿಮ್ಮ ಮಂಡಿಗೆ ಅದೇ ಅನುಕೂಲ. ಅಲ್ಲಿ ಹಿಮಯುಗದ ಹಿಮನದಿ ಇದೇ ಸುಣ್ಣಕಲ್ಲನ್ನು ಉಜ್ಜಿ ಕೊರೆದ 400 ಅಡಿ ಉದ್ದ, 35 ಅಡಿ ಅಗಲದ ಗಾಡಿಜಾಡಿನಂತಹ ತೋಡುಗಳಿವೆ. ಈರೀ ಸರೋವರದ ಹಳ್ಳವನ್ನು ತೋಡಿದ್ದೂ ಅದೇ ಹಿಮವೇ. ಬೇಲಿಯಂಚಿನ ದಾರಿಯಿಂದ ನೋಡಬೇಕು, ಕೆಲವು ಮೆಟ್ಟಿಲುಗಳಿವೆ. ಒಂದು ಎಚ್ಚರಿಕೆ ಅಗತ್ಯ: ಇನ್ನೂ ಉತ್ತರಕ್ಕಿರುವ ಪೀಲೀ ದ್ವೀಪ ಕೆನಡಾಕ್ಕೆ ಸೇರಿದ್ದು. ಅಮೆರಿಕದ ಸಂದರ್ಶಕ ವೀಸಾದ ಮೇಲೆ ಬಂದಿರುವ ನೀವು ಕೆನಡಾದ ವೀಸಾ ಇಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಕೆಲ್ಲೀಸ್ ದ್ವೀಪಕ್ಕೆ ಆ ತೊಡಕಿಲ್ಲ. ಆದರೆ ಅಲ್ಲಿಯೂ ಫೋನು ತಾನಾಗಿ ಕೆನಡಾದ ಜಾಲವನ್ನು ಹಿಡಿದು ಹೆಚ್ಚಿನ ಶುಲ್ಕ ಬೀಳುವ ಸಂಭವವಿರುವುದರಿಂದ ರೋಮಿಂಗ್ ನಿಲ್ಲಿಸಿಕೊಳ್ಳಿ.

ದ್ವೀಪಕ್ಕೆ ಹೋಗಲಿ ಬಿಡಲಿ, ಸಂಜೆ ಗೋಪುರದ ಬಳಿಗೆ ಮರಳಿ ಬನ್ನಿ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಒಂಬತ್ತು ಗಂಟೆಯಾಗುತ್ತದೆ, ಆದ್ದರಿಂದ ಹತ್ತಿರದ ಪೋರ್ಟ್ ಕ್ಲಿಂಟನ್ ಅಥವಾ ಸ್ಯಾಂಡಸ್ಕಿಯಲ್ಲಿ ರಾತ್ರಿ ತಂಗುವ ಏರ್ಪಾಡು ಮಾಡಿಕೊಂಡರೆ ಅಳಿಯನಿಗೆ ಕತ್ತಲಲ್ಲಿ ಕಾರು ಓಡಿಸುವ ಕಷ್ಟ ತಪ್ಪುತ್ತದೆ. ಹೊತ್ತು ಮುಳುಗುತ್ತಿದ್ದಂತೆ ಗೋಪುರದ ನೆತ್ತಿಯಲ್ಲಿ ಹಸಿರು ಬೆಳಕು ಎದ್ದು ಕಾಣತೊಡಗುತ್ತದೆ. ಬಿಳಿ ಬೆಳಕಾದರೆ ವಿಮಾನಗಳಿಗಾಗಿ ಇರುವ ದೀಪಗಳೊಡನೆ ಬೆರೆತುಹೋಗುತ್ತದೆಂದು ಈ ಬಣ್ಣವನ್ನು ಆರಿಸಿದ್ದಾರೆ. 11 ನಾಟಿಕಲ್ ಮೈಲಿ, ಅಂದರೆ ಸುಮಾರು 20 ಕಿಲೋಮೀಟರ್ ದೂರದವರೆಗೂ ಅದು ಕಾಣುತ್ತದೆ. ಒಂದೊಂದು ದೀಪಸ್ತಂಭಕ್ಕೂ ತನ್ನದೇ ಬಣ್ಣ ಮತ್ತು ತನ್ನದೇ ಕಾಲದ ಅಂತರವಿರುತ್ತದೆ. ನಮ್ಮ ಕಾಪುವಿನ ದೀಪಸ್ತಂಭವೂ ಇದೇ ನಿಯಮದಂತೆ ಮಿನುಗುತ್ತದೆ. ಹಡಗಿನವರು ಆ ಅಂತರವನ್ನು ಎಣಿಸಿ ಪಟ್ಟಿಯೊಡನೆ ಹೋಲಿಸಿ ತಾವು ಎಲ್ಲಿದ್ದೇವೆಂದು ತಿಳಿದುಕೊಳ್ಳುತ್ತಾರೆ. ಮೊಮ್ಮಗನ ಕೈಗೆ ಒಂದು ಗಡಿಯಾರ ಕೊಟ್ಟು, ಒಂದು ಮಿನುಗಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂದು ಅವನೇ ಎಣಿಸಿ ಬರೆದುಕೊಳ್ಳಲಿ. ಆರು ಬರಬೇಕು. ಭಾರ ಸುತ್ತಿ ಮಸೂರವನ್ನು ತಿರುಗಿಸುತ್ತಿದ್ದ ಕಾಲದಲ್ಲಿ ಅದು ಹತ್ತು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು ಎಂಬುದನ್ನು ಅವನು ಎಣಿಸಿ ಮುಗಿಸಿದ ಮೇಲೆ ಹೇಳಿ.